ಮೂರನೇ ಸೀಲ್: ಹಿಂದಿನ ಎಡ ಚಕ್ರದ ಆಯಿಲ್ ಸೋರಿಕೆ

ಪಿಕಪ್ ತೊಳೆಯುತ್ತಿದ್ದೆ. ಹಿಂದಿನ ಎಡ ಟೈರಿನ ಒಳಮೈ ಮೇಲೆ ನೀರು ಅಂಟದೆ ಹನಿಹನಿಯಾಗಿ ಜಾರುತ್ತಿತ್ತು. ಉಳಿದ ಮೂರು ಟೈರುಗಳಲ್ಲಿ ಹಾಗಿರಲಿಲ್ಲ. ಕೈ ಹಾಕಿ ಸವರಿದೆ. ಬೆರಳಿಗೆ ಕಪ್ಪು ಜಿಡ್ಡು ಬಂತು. ಮೂಗಿನ ಹತ್ತಿರ ಹಿಡಿದರೆ ಗಂಧಕದ ಘಾಟು. ಆ ವಾಸನೆ ಒಮ್ಮೆ ಪರಿಚಯವಾದರೆ ಮರೆಯುವುದಿಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ಕೂತು ಅವನ್ನು ತಿರುಗಿಸುವ ಡಿಫರೆನ್ಷಿಯಲ್‌ನ ಗೇರ್ ಆಯಿಲ್ ಚಕ್ರದವರೆಗೂ ಬಂದಿತ್ತು.

ಇದೇ ಚಕ್ರದ ಹಬ್ ಸೀಲನ್ನು (ಚಕ್ರದ ನಡುಭಾಗವಾದ ಹಬ್‌ನಿಂದ ಆಯಿಲ್ ಹೊರಬರದಂತೆ ತಡೆಯುವ, ರಬ್ಬರ್ ತುಟಿಯ ಬಳೆ) ಒಂದು ಗ್ಯಾರೇಜಿನಲ್ಲಿ ಈಗಾಗಲೇ ಎರಡು ಸಲ ಬದಲಾಯಿಸಿ ಆಗಿತ್ತು. ಮೊದಲನೆಯದು ಆರು ತಿಂಗಳು ಬಾಳಿತು. ಎರಡನೆಯದು ಎರಡೇ ತಿಂಗಳು. ಹೊಸ ಸೀಲ್ ಹಳೆಯದಕ್ಕಿಂತ ಬೇಗ ಸಾಯುತ್ತಿದೆ ಅಂದರೆ ಅದನ್ನು ಕೊಲ್ಲುವುದು ಒಳಗೆ ಇನ್ನೇನೋ ಇದೆ ಅಂತ ತಾನೇ ಅರ್ಥ? ಈ ಸಲ ನಾನೇ ಬಿಚ್ಚುತ್ತೇನೆ, ಕಾರಣ ಕಾಣದೆ ಬ್ರೇಕ್ ಡ್ರಮ್ ಮುಚ್ಚುವುದಿಲ್ಲ ಅಂತ ತೀರ್ಮಾನ ಮಾಡಿದೆ.

ಬಿಚ್ಚುವ ಮುಂಚೆ

ಚಕ್ರದ ಹತ್ತಿರ ಒದ್ದೆ ಕಂಡ ತಕ್ಷಣ ಎಲ್ಲರೂ ಸೀಲ್ ಹೋಗಿದೆ ಅಂದುಬಿಡುತ್ತಾರೆ. ಆದರೆ ಅಲ್ಲಿ ಸೋರುವಂಥವು ಮೂರಿವೆ. ಗೇರ್ ಆಯಿಲ್ ಒಂದು, ಬ್ರೇಕ್ ಶೂಗಳನ್ನು ಒತ್ತುವ ವೀಲ್ ಸಿಲಿಂಡರಿನ ಬ್ರೇಕ್ ಆಯಿಲ್ ಒಂದು, ಬಿಸಿಗೆ ತೆಳ್ಳಗಾದ ಗ್ರೀಸ್ ಇನ್ನೊಂದು. ವಾಸನೆಯೊಂದನ್ನೇ ನಂಬುವುದು ಬೇಡ ಅನ್ನಿಸಿತು. ಬಿಳಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒಂದು ಬಟ್ಟಲು ನೀರಿನಲ್ಲಿ ಅದ್ದಿದೆ. ಸಾಮಾನ್ಯ ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಹೋಗುತ್ತದೆ. ಗೇರ್ ಆಯಿಲ್ ಬೆರೆಯುವುದಿಲ್ಲ, ಮೇಲೆ ಪೊರೆಯಾಗಿ ತೇಲುತ್ತದೆ. ನನ್ನ ಬಟ್ಟಲಿನಲ್ಲಿ ಬಣ್ಣಬಣ್ಣದ ಪೊರೆ ತೇಲಿತು. ಅನುಮಾನ ಮುಗಿಯಿತು.

ಮುಂದಿನ ಪ್ರಶ್ನೆ, ಎಲ್ಲಿಂದ ಬರುತ್ತಿದೆ? ನನ್ನದು ಫುಲ್ ಫ್ಲೋಟಿಂಗ್ ಆಕ್ಸಲ್. ಇದರಲ್ಲಿ ಗಾಡಿಯ ಭಾರ ಹೊರುವುದು ಆಕ್ಸಲ್ ಹೌಸಿಂಗಿನ ತುದಿಯ ಸ್ಪಿಂಡಲ್. ಅದರ ಮೇಲೆ ಎರಡು ಟೇಪರ್ ರೋಲರ್ ಬೇರಿಂಗುಗಳಲ್ಲಿ ಹಬ್ ಕೂತು ತಿರುಗುತ್ತದೆ. ಆಕ್ಸಲ್ ಶಾಫ್ಟ್ ಭಾರ ಹೊರುವುದಿಲ್ಲ, ಸ್ಪಿಂಡಲ್‌ನ ಒಳಗಿನಿಂದ ಬಂದು ಹಬ್‌ನ ಹೊರಮುಖಕ್ಕೆ ಬೋಲ್ಟಾಗಿ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಡಿಫರೆನ್ಷಿಯಲ್ ಆಯಿಲೇ ಟ್ಯೂಬಿನೊಳಗೆ ಹರಿದು ಬಂದು ಈ ಬೇರಿಂಗುಗಳನ್ನು ನೆನೆಸುತ್ತದೆ. ಹಾಗಾಗಿ ಹಬ್‌ನಿಂದ ಆಯಿಲ್ ಹೊರಬರಲು ಎರಡು ಬಾಗಿಲು. ಹೊರಗಡೆ ಶಾಫ್ಟಿನ ತುದಿಯ ಚಪ್ಪಟೆ ಬಿಲ್ಲೆ, ಅಂದರೆ ಫ್ಲ್ಯಾಂಜಿನ ಗ್ಯಾಸ್ಕೆಟ್. ಒಳಗಡೆ ದೊಡ್ಡ ಹಬ್ ಸೀಲ್.

ಫ್ಲ್ಯಾಂಜ್ ಸೋರಿದರೆ ರಿಮ್ಮಿನ ಹೊರಮುಖದಲ್ಲಿ ಮಧ್ಯದಿಂದ ಅಂಚಿಗೆ ಗೆರೆಗಳು ಎರಚಿಕೊಂಡಿರುತ್ತವೆ. ಸೀಲ್ ಸೋರಿದರೆ ಡ್ರಮ್ಮಿನ ಒಳಗೆ, ಡ್ರಮ್ಮಿನ ಹಿಂದಿನ ತಟ್ಟೆಯಾದ ಬ್ಯಾಕ್ ಪ್ಲೇಟಿನ ಕೆಳಗೆ, ಟೈರಿನ ಒಳಮೈಗೆ ಬರುತ್ತದೆ. ನನ್ನದರಲ್ಲಿ ಜಿಡ್ಡು ಇದ್ದದ್ದು ಒಳಗಡೆ. ಆದರೂ ಖಾತ್ರಿ ಮಾಡಿಕೊಳ್ಳಲು ಎಲ್ಲವನ್ನೂ ಒರೆಸಿ ಒಣಗಿಸಿದೆ. ಬ್ಯಾಕ್ ಪ್ಲೇಟಿಗೂ ಫ್ಲ್ಯಾಂಜ್ ಸುತ್ತಲೂ ಟಾಲ್ಕಂ ಪೌಡರ್ ಉದುರಿಸಿದೆ. ಹತ್ತು ಕಿಲೋಮೀಟರ್ ಓಡಿಸಿ ನೋಡಿದರೆ ಫ್ಲ್ಯಾಂಜಿನ ಪೌಡರ್ ಬೆಳ್ಳಗೇ ಇತ್ತು. ಬ್ಯಾಕ್ ಪ್ಲೇಟಿನ ಕೆಳ ಅಂಚಿನಲ್ಲಿ ಒಂದು ಕಂದು ದಾರಿ ಮೂಡಿತ್ತು.

ಮೊದಲ ಶನಿವಾರ

ಇಲ್ಲಿ ಒಂದು ಮಾತು ಜೋರಾಗಿಯೇ ಹೇಳುತ್ತೇನೆ. ಈ ಆಕ್ಸಲ್‌ನಲ್ಲಿ ಒಂದು ಶಾಫ್ಟ್ ಹೊರಗೆ ಎಳೆದರೆ ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದ್ದೇವೆ ಅನ್ನುವ ಧೈರ್ಯಕ್ಕೆ ಅರ್ಥವೇ ಇಲ್ಲ. ಡಿಫರೆನ್ಷಿಯಲ್ ಸುಮ್ನೆ ಖಾಲಿ ತಿರುಗುತ್ತದೆ. ಡ್ರಮ್ ಬಿಚ್ಚಲು ಹ್ಯಾಂಡ್ ಬ್ರೇಕನ್ನೂ ಬಿಡಬೇಕು. ಆಗ ಗಾಡಿಯನ್ನು ಹಿಡಿಯುವುದು ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕೊಟ್ಟ ಅಡ್ಡಗಟ್ಟೆ ಮಾತ್ರ. ಸಮತಟ್ಟಾದ ಗಟ್ಟಿ ನೆಲ, ಅಡ್ಡಗಟ್ಟೆ, ಜಾಕಿನ ಜೊತೆಗೆ ಆಕ್ಸಲ್ ಸ್ಟ್ಯಾಂಡ್. ಇವಿಷ್ಟು ಇಲ್ಲದೆ ಕೈ ಹಾಕಬೇಡಿ.

ಜಾಕ್ ಏರಿಸಿದ ಮೇಲೆ, ಚಕ್ರ ಬಿಚ್ಚುವ ಮುಂಚೆ, ಟೈರನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಸಣ್ಣದೊಂದು 'ಟಕ್' ಕೈಗೆ ಸಿಕ್ಕಿತು. ಹಬ್ಬಿಗೆ ಡಯಲ್ ಗೇಜ್ ಕಟ್ಟಿ ಒಳಗೆ ಹೊರಗೆ ಎಳೆದು ನೋಡಿದರೆ ಆಟ, ಅಂದರೆ ಸಡಿಲ, 0.4 ಮಿ.ಮೀ. ಇತ್ತು. ನನ್ನ ಗಾಡಿಯ ಕೈಪಿಡಿ ಒಪ್ಪುವುದು 0.025 ರಿಂದ 0.25 ಮಿ.ಮೀ. ಮಾತ್ರ. ಹಬ್ ಹೀಗೆ ಓಲಾಡಿದರೆ ಸೀಲಿನ ತುಟಿ ಒಂದು ಬದಿ ಒತ್ತಿ, ಇನ್ನೊಂದು ಬದಿ ಎದ್ದು ನಿಲ್ಲುತ್ತದೆ. ಹೋದ ಸಲ ಹಬ್ ನಟ್ಟನ್ನು ಗೇಜ್ ಇಡದೆ ಅಂದಾಜಿನಲ್ಲಿ ಬಿಗಿ ಮಾಡಿದ್ದಾರೆ ಅನ್ನುವುದು ಸ್ಪಷ್ಟವಾಯಿತು. ಮೊದಲ ಆರೋಪಿ ಸಿಕ್ಕ.

ಫ್ಲ್ಯಾಂಜಿನ ಎಂಟು ಬೋಲ್ಟ್ ಬಿಚ್ಚಿ ಶಾಫ್ಟ್ ಹೊರಗೆಳೆದೆ. ಕೆಳಗೆ ಟ್ರೇ ಇಟ್ಟಿದ್ದೆ. ಎಡಗಡೆ ಮಾತ್ರ ಎತ್ತಿದ್ದರಿಂದ ಆಯಿಲ್ ಬಹುಪಾಲು ಬಲಕ್ಕೆ ಸರಿದಿತ್ತು, ಟ್ರೇಗೆ ಬಿದ್ದದ್ದು ಸ್ವಲ್ಪ. ಅದರ ಬಣ್ಣ ಯಾಕೋ ಮಸುಕಾಗಿತ್ತು, ಮಂಜು ಕವಿದ ಹಾಗೆ. ಹಳೇ ಆಯಿಲ್ ಇರಬೇಕು ಅಂದುಕೊಂಡು ಮುಂದೆ ಹೋದೆ. ಅದನ್ನು ಅಷ್ಟು ಹಗುರವಾಗಿ ಬಿಡಬಾರದಿತ್ತು. ಅದರ ವಿಷಯ ಆಮೇಲೆ ಹೇಳುತ್ತೇನೆ.

ಡ್ರಮ್ ತೆಗೆದಾಗ ಬೇಸರವೇ ಆಯಿತು. ಎರಡೂ ಬ್ರೇಕ್ ಶೂಗಳು ಆಯಿಲ್ ಕುಡಿದು ಹೊಳೆಯುತ್ತಿದ್ದವು. ಜೋರಾಗಿ ಬ್ರೇಕ್ ಹಾಕಿದಾಗ ಗಾಡಿ ಬಲಕ್ಕೆ ಎಳೆಯುತ್ತಿದ್ದುದು ಇದಕ್ಕೇ. ಎಡ ಚಕ್ರ ಸರಿಯಾಗಿ ಹಿಡಿಯುತ್ತಲೇ ಇರಲಿಲ್ಲ. ಇಂಥ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು, ಎಮರಿ ಉಜ್ಜಿ ವಾಪಸ್ ಹಾಕುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಲೈನಿಂಗ್ ಸ್ಪಂಜಿನ ಹಾಗೆ ಆಯಿಲನ್ನು ಒಳಗೆ ಎಳೆದುಕೊಂಡಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಬ್ರೇಕ್ ಬಿಸಿಯಾದ ಕೂಡಲೇ ಮತ್ತೆ ಹೊರಗೆ ಉಕ್ಕುತ್ತದೆ. ಎರಡೂ ಬದಿಗೆ ಹೊಸ ಶೂ ಸೆಟ್ ತಂದೆ. ಒಂದೇ ಬದಿಗೆ ಹಾಕಿದರೆ ಎಳೆತ ಹೋಗುವುದಿಲ್ಲ. ಡ್ರಮ್ಮನ್ನು ಬ್ರೇಕ್ ಕ್ಲೀನರಿನಲ್ಲಿ ತೊಳೆದೆ. ಒಳಗಿನ ಧೂಳನ್ನು ಗಾಳಿಯಿಂದ ಊದಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ವೀಲ್ ಸಿಲಿಂಡರಿನ ರಬ್ಬರ್ ಮುಸುಕು ಎತ್ತಿ ನೋಡಿದೆ, ಒಳಗೆ ಒಣಗಿತ್ತು.

ಸ್ಪಿಂಡಲ್ ತುದಿಯಲ್ಲಿ ಎರಡು ದೊಡ್ಡ ನಟ್ಟು, ಮಧ್ಯೆ ಕಿವಿ ಮಡಚಿದ ಲಾಕ್ ವಾಷರ್. ಅವನ್ನು ಬಿಚ್ಚಿ ಹಬ್ ಹೊರಗೆ ತಂದೆ. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ರೋಲರುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದೆ. ಹೊರಗಿನದು ಚೆನ್ನಾಗಿತ್ತು. ಒಳಗಿನದರ ರೋಲರುಗಳ ಮೇಲೆ ಮಸುಕು ಚುಕ್ಕೆಗಳು, ಅವು ಉರುಳುವ ಹೊರ ಬಳೆಯಾದ ‘ಕಪ್’ನಲ್ಲೂ ಅದೇ ಗುರುತು. ತುಕ್ಕಿನ ಆರಂಭ. ಬೇರಿಂಗ್ ಮತ್ತು ಕಪ್ ಎರಡನ್ನೂ ಜೋಡಿಯಾಗಿಯೇ ಬದಲಾಯಿಸಿದೆ.

ಸೀಲನ್ನು ಕೀಳುವ ಮುಂಚೆ ಅದು ಕೂತಿದ್ದ ರೀತಿ ನೋಡಿದೆ. ಸ್ಪ್ರಿಂಗ್ ಇರುವ ಮುಖ ಆಯಿಲ್ ಕಡೆಗೇ ಇತ್ತು. ಅದು ಸರಿ. ಆದರೆ ತುಟಿಯ ಕೆಳಭಾಗದಲ್ಲಿ ಬೆರಳಗಲ ಹರಿದಿತ್ತು. ಹಬ್ ಭಾರ ಜಾಸ್ತಿ. ಸ್ಪಿಂಡಲ್‌ಗೆ ಏರಿಸುವಾಗ ಕೈ ಸೋತು ಕೆಳಗೆ ಕೂತರೆ ಆ ಭಾರವೆಲ್ಲ ತುಟಿಯ ಮೇಲೆ ಬೀಳುತ್ತದೆ. ಇಲ್ಲವೇ ಸ್ಪಿಂಡಲ್‌ನ ಮರೆಗಳು (ನಟ್ಟು ಕೂರುವ ಥ್ರೆಡ್) ತುಟಿಯನ್ನು ಗೀಚುತ್ತವೆ. ಎರಡೇ ತಿಂಗಳಿಗೆ ಸೀಲ್ ಸತ್ತದ್ದು ಇದರಿಂದಲೇ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಅದಕ್ಕೂ ಹಿಂದಿನದು? ಅದಕ್ಕೆ ಉತ್ತರ ಸ್ಪಿಂಡಲ್ ಮೇಲೇ ಇತ್ತು. ಸೀಲಿನ ತುಟಿ ಉಜ್ಜುವ ಕಾಲರನ್ನು ಒರೆಸಿ ಉಗುರು ಎಳೆದೆ. ಉಗುರು ಸಿಕ್ಕಿಹಾಕಿಕೊಂಡಿತು. ಸುತ್ತಲೂ ಸವೆದು ಬಿದ್ದ ಒಂದು ತೋಡು, ಪಕ್ಕದಲ್ಲಿ ತುಕ್ಕಿನ ಸಣ್ಣ ಗುಳಿಗಳು.

ಮೆತ್ತನೆ ರಬ್ಬರ್ ಉಕ್ಕನ್ನು ಸವೆಸುವುದು ಹೇಗೆ ಅಂತ ಆಶ್ಚರ್ಯವಾಗಬಹುದು. ಸವೆಸುವುದು ರಬ್ಬರ್ ಒಂದೇ ಅಲ್ಲ. ಮರಳಿನ, ತುಕ್ಕಿನ ಕಣಗಳು ತುಟಿಯ ಕೆಳಗೆ ಸೇರಿಕೊಳ್ಳುತ್ತವೆ. ಕೆಲವು ರಬ್ಬರಿಗೇ ಚುಚ್ಚಿಕೊಂಡು ಕೂರುತ್ತವೆ. ಅಲ್ಲಿಂದ ಮುಂದೆ ಆ ತುಟಿ ಎಮರಿ ಪೇಪರಿನ ಕೆಲಸ ಮಾಡುತ್ತದೆ. ಇನ್ನೊಂದು ವಿಷಯ, ತುಟಿ ಲೋಹವನ್ನು ನೇರವಾಗಿ ಮುಟ್ಟಿಕೊಂಡು ಓಡುವಂಥದ್ದಲ್ಲ. ಮಧ್ಯೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಯಿಲ್ ಪೊರೆ ಇರುತ್ತದೆ. ಆ ಪೊರೆ ನಿಲ್ಲಬೇಕಾದರೆ ಕಾಲರಿನ ಮೈ ನುಣುಪಾಗಿರಬೇಕು. ಗುಳಿ ಬಿದ್ದ ಕಾಲರಿನ ಮೇಲೆ ಎಂಥ ಒಳ್ಳೆ ಸೀಲ್ ಹಾಕಿದರೂ ಗುಳಿಯಿಂದ ಗುಳಿಗೆ ಆಯಿಲ್ ದಾಟಿ ಹೊರಬರುತ್ತದೆ.

ಎರಡನೇ ಶನಿವಾರ

ಕಾಲರ್ ಕೆಟ್ಟರೆ ದಾರಿ ಮೂರು. ಸ್ಪಿಂಡಲ್ ಬದಲಾಯಿಸುವುದು, ಅಂದರೆ ದೊಡ್ಡ ಕೆಲಸ. ಸೀಲನ್ನು ಒಂದೆರಡು ಮಿಲಿಮೀಟರ್ ಒಳಗೆ ಅಥವಾ ಹೊರಗೆ ಕೂರಿಸಿ ತುಟಿ ಹೊಸ ಜಾಗದಲ್ಲಿ ಓಡುವಂತೆ ಮಾಡುವುದು. ಬರೀ ತೋಡು ಬಿದ್ದಿದ್ದರೆ ನಾನೂ ಇದನ್ನೇ ಮಾಡುತ್ತಿದ್ದೆ, ಆದರೆ ಪಕ್ಕದಲ್ಲೇ ತುಕ್ಕಿನ ಗುಳಿಗಳಿದ್ದವು. ಕೊನೆಯದು ರಿಪೇರಿ ಸ್ಲೀವ್. ಎಸ್‌ಕೆಎಫ್‌ನ ಸ್ಪೀಡಿ ಸ್ಲೀವ್ ಇದರಲ್ಲಿ ಹೆಸರುವಾಸಿ. ಸುಮಾರು 0.28 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ಬಳೆ. ಅಷ್ಟು ತೆಳುವಾದ್ದರಿಂದ ಅದರ ಮೇಲೆ ಮೊದಲಿನ ಅಳತೆಯ ಸೀಲೇ ಸರಿಹೊಂದುತ್ತದೆ.

ಸ್ಲೀವ್ ತರುವ ಮುಂಚೆ ಕಾಲರಿನ ಸವೆಯದ ಭಾಗವನ್ನು ಮೈಕ್ರೋಮೀಟರಿನಲ್ಲಿ ಮೂರು ದಿಕ್ಕಿನಿಂದ ಅಳೆದು ಸರಾಸರಿ ತೆಗೆದೆ. ಪ್ರತಿ ಸ್ಲೀವ್ ಇಷ್ಟರಿಂದ ಇಷ್ಟರವರೆಗಿನ ವ್ಯಾಸಕ್ಕೆ ಅಂತ ಇರುತ್ತದೆ, ಕಣ್ಣಂದಾಜಿಗೆ ನಡೆಯುವ ಕೆಲಸವಲ್ಲ. ಏಣುಗಳನ್ನು ಸಣ್ಣ ಎಮರಿಯಲ್ಲಿ ಉಜ್ಜಿ ತೆಗೆದೆ. ತೋಡಿಗೆ ಲೋಹದ ಪುಡಿ ಬೆರೆತ ಎಪಾಕ್ಸಿ ಅಂಟು ತುಂಬಿದೆ. ಅದು ಗಟ್ಟಿಯಾಗುವ ಮುಂಚೆಯೇ ಸ್ಲೀವ್ ಏರಬೇಕು.

ಇಲ್ಲಿ ಒಂದು ತೊಡಕು ಬಂತು. ಸ್ಲೀವ್ ಜೊತೆ ಅದನ್ನು ತಳ್ಳಲು ಒಂದು ಲೋಹದ ಬಟ್ಟಲು ಬರುತ್ತದೆ. ನನ್ನ ಕಾಲರ್ ಇರುವುದು ಸ್ಪಿಂಡಲ್‌ನ ಬುಡದಲ್ಲಿ. ಬಟ್ಟಲು ಅಷ್ಟು ಉದ್ದವಿರಲಿಲ್ಲ. ಅದೇ ಅಗಲದ ಕಬ್ಬಿಣದ ಪೈಪ್ ತುಂಡು ಕತ್ತರಿಸಿದೆ. ಪೈಪಿನ ಬಾಯಿ ಒಂದು ಚೂರು ಓರೆಯಾದರೂ ಸ್ಲೀವ್ ಓರೆಯಾಗಿ ಕೂರುತ್ತದೆ, ಹಾಗೆ ಕೂತದ್ದನ್ನು ತೆಗೆದು ಮತ್ತೆ ಬಳಸಲು ಬರುವುದಿಲ್ಲ. ಅದಕ್ಕೇ ಪೈಪನ್ನು ಗಾಜಿನ ಮೇಲೆ ನಿಲ್ಲಿಸಿ, ಸಂದಿನಲ್ಲಿ ಬೆಳಕು ಕಾಣದವರೆಗೂ ಅರ ಹಾಕಿದೆ. ಅರ್ಧ ಗಂಟೆ ಅದಕ್ಕೇ ಹೋಯಿತು. ಆಮೇಲೆ ಪೈಪಿನ ಹಿಂಬದಿಗೆ ದಪ್ಪ ಮರದ ತುಂಡು ಇಟ್ಟು, ಸ್ಲೀವಿನ ಮಡಿಕೆ ಇರುವ ಅಂಚನ್ನು ಮುಂದೆ ಮಾಡಿ, ಸಣ್ಣ ಸಣ್ಣ ಪೆಟ್ಟು. ನೇರವಾಗಿ ಏರಿತು. ಹೊರಬಂದ ಎಪಾಕ್ಸಿ ಒರೆಸಿ, ಬೆರಳು ಸುತ್ತ ಆಡಿಸಿದೆ. ಕನ್ನಡಿಯ ಹಾಗೆ ನುಣುಪು. ಆ ಕ್ಷಣಕ್ಕೆ ಎರಡು ಶನಿವಾರದ ಸುಸ್ತು ಮರೆತುಹೋಯಿತು.

ಸ್ಲೀವ್ ಬೇಡ, ಎಮರಿಯಲ್ಲೇ ಸರಿಮಾಡುತ್ತೇನೆ ಅನ್ನುವವರಿಗೆ ಒಂದು ಮಾತು. ಎಮರಿಯನ್ನು ಸುತ್ತಳತೆಯ ದಿಕ್ಕಿನಲ್ಲೇ ಉಜ್ಜಿ. ಒಳಗೆ ಹೊರಗೆ ಎಳೆಯುತ್ತಾ ಉಜ್ಜಿದರೆ ಮೈಮೇಲೆ ಸ್ಕ್ರೂ ಮರೆಯಂಥ ಓರೆ ಗೆರೆಗಳು ಬೀಳುತ್ತವೆ. ಚಕ್ರ ತಿರುಗಿದಾಗ ಆ ಗೆರೆಗಳೇ ಆಯಿಲನ್ನು ಪಂಪಿನ ಹಾಗೆ ಹೊರಗೆ ತಳ್ಳುತ್ತವೆ.

ಹೊಸ ಸೀಲಿನ ಹಿಂದೆ, ಸ್ಪ್ರಿಂಗ್ ಕೂರುವ ಕೊರಕಲಿಗೆ ಸ್ವಲ್ಪ ಗ್ರೀಸ್ ತುಂಬಿದೆ. ಬಡಿದು ಕೂರಿಸುವಾಗ ಸ್ಪ್ರಿಂಗ್ ಹಾರಿ ಹೋಗದಿರಲಿ ಅಂತ. ತುಟಿಗೆ ಗೇರ್ ಆಯಿಲ್ ಸವರಿದೆ. ಒಣ ತುಟಿ ಮೊದಲ ಕೆಲವು ಸುತ್ತಿನಲ್ಲೇ ಸುಟ್ಟುಕೊಳ್ಳುತ್ತದೆ. ಹಬ್ ಬಾಯಿಗೆ ಸೀಲಿಟ್ಟು, ಅದರ ಪೂರ್ತಿ ಮುಖ ಮುಚ್ಚುವ ಚಪ್ಪಟೆ ಮರದ ಮೂಲಕ ಬಡಿದು ಸಮವಾಗಿ ಕೂರಿಸಿದೆ. ಸ್ಪಿಂಡಲ್‌ನ ಮರೆಗಳಿಗೆ ಟೇಪ್ ಸುತ್ತಿದೆ. ಹಬ್ಬನ್ನು ಕೈಯಲ್ಲಿ ಎತ್ತಲಿಲ್ಲ. ಜಾಕ್ ಮೇಲೆ ಕೂರಿಸಿ, ಸ್ಪಿಂಡಲ್‌ನ ಎತ್ತರಕ್ಕೆ ತಂದು, ನೇರವಾಗಿ ಜಾರಿಸಿದೆ. ಹರಿದ ತುಟಿ ಕಲಿಸಿದ ಪಾಠ ಅದು.

ನಟ್ಟಿನ ಕೆಲಸಕ್ಕೆ ಅವಸರ ಮಾಡಲಿಲ್ಲ. ಟೇಪ್ ತೆಗೆದು ನಟ್ಟು ಹಾಕಿದೆ. ಹಬ್ ತಿರುಗಿಸುತ್ತಲೇ ಒಳಗಿನ ನಟ್ಟನ್ನು ಕೈಪಿಡಿ ಹೇಳುವ ಟಾರ್ಕಿಗೆ, ಅಂದರೆ ಬಿಗಿತದ ಅಳತೆಗೆ, ಬಿಗಿ ಮಾಡಿದೆ. ತಿರುಗಿಸದೆ ಬಿಗಿ ಮಾಡಿದರೆ ರೋಲರುಗಳು ಸರಿಯಾಗಿ ಕೂರುವುದಿಲ್ಲ. ಆಮೇಲೆ ಕೈಪಿಡಿ ಹೇಳಿದಷ್ಟು ಸಡಿಲಿಸಿ, ವಾಷರ್, ಹೊರ ನಟ್ಟು. ಗೇಜ್ ಇಟ್ಟೆ. ಹೊರ ನಟ್ಟು ಬಿಗಿಯಾದಾಗ ಆಟ ಬದಲಾಗುತ್ತದೆ, ಆದ್ದರಿಂದ ಅಳತೆ ತೆಗೆಯಬೇಕಾದ್ದು ಕೊನೆಗೆ. ಎರಡು ಸಲ ಬಿಚ್ಚಿ ಹಾಕಿದ ಮೇಲೆ 0.1 ಮಿ.ಮೀ. ಬಂತು. ಲಾಕ್ ವಾಷರಿನ ಕಿವಿ ಮಡಚಿದೆ. ಹೊಸ ಗ್ಯಾಸ್ಕೆಟ್ ಇಟ್ಟು ಶಾಫ್ಟ್ ಬೋಲ್ಟ್ ಮಾಡಿದೆ.

ಹಬ್ ಒಳಗೆ ಈಗ ಆಯಿಲ್ ಇರುವುದಿಲ್ಲ ಅನ್ನುವುದನ್ನು ಮರೆಯಬೇಡಿ. ಬೇರಿಂಗಿಗೆ ಸವರಿದ್ದು ಸಾಲದು. ಡಿಫರೆನ್ಷಿಯಲ್‌ಗೆ ಹೊಸ 80ಡಬ್ಲ್ಯೂ-90 ಜಿಎಲ್-5 ಆಯಿಲ್ ತುಂಬಿ, ಬಲಗಡೆ ಎತ್ತಿ ಎಡ ಹಬ್ಬಿಗೆ ಹರಿಯಲು ಬಿಟ್ಟೆ. ಆಮೇಲೆ ಎಡ ಎತ್ತಿ ಬಲಕ್ಕೆ. ಗಾಡಿ ಸಮ ಮಾಡಿ ನೋಡಿದರೆ ಮಟ್ಟ ಇಳಿದಿತ್ತು. ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ಮತ್ತೆ ತುಂಬಿದೆ.

ಅಷ್ಟಕ್ಕೇ ಮುಗಿಯಲಿಲ್ಲ

ನಲವತ್ತು ಕಿಲೋಮೀಟರ್ ಓಡಿಸಿದೆ. ಎಡ ಚಕ್ರ ಒಣಗಿತ್ತು. ಬ್ರೇಕ್ ನೇರವಾಗಿ ಹಿಡಿಯಿತು. ನಾಲ್ಕು ದಿನ ಬಿಟ್ಟು ಗಾಡಿ ತುಂಬ ಲೋಡ್ ಹಾಕಿ ಉದ್ದನೆಯ ಏರು ಹತ್ತಿದೆ. ಇಳಿದು ನೋಡಿದರೆ ಎಡ ಹಬ್ ಒಣಗಿಯೇ ಇತ್ತು. ಆದರೆ ಇದುವರೆಗೆ ಒಂದು ಹನಿಯೂ ಸೋರದ ಬಲ ಹಬ್ಬಿನ ಬ್ಯಾಕ್ ಪ್ಲೇಟಿನಲ್ಲಿ ಸಣ್ಣ ಒದ್ದೆ. ಮುಂದೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಪಿನಿಯನ್ ಸೀಲಿನ ಸುತ್ತಲೂ ಬೆವರು.

ಎರಡು ಬೇರೆ ಬೇರೆ ಸೀಲುಗಳು ಒಂದೇ ದಿನ ಕೆಡುತ್ತವೆಯೇ? ಒಳಗಿನಿಂದ ಯಾವುದೋ ಆಯಿಲನ್ನು ತಳ್ಳುತ್ತಿದೆ. ಒಂದು ಬಾಗಿಲು ಗಟ್ಟಿಯಾಗಿ ಮುಚ್ಚಿದ್ದಕ್ಕೆ ಅದು ಉಳಿದ ಬಾಗಿಲು ತಟ್ಟುತ್ತಿದೆ. ಹೌಸಿಂಗ್ ಇನ್ನೂ ಬಿಸಿ ಇರುವಾಗಲೇ ಬಟ್ಟೆ ಸುತ್ತಿಕೊಂಡು, ಮುಖ ದೂರ ಇಟ್ಟು, ಫಿಲ್ಲರ್ ಪ್ಲಗ್ಗನ್ನು ನಿಧಾನಕ್ಕೆ ಸಡಿಲಿಸಿದೆ. 'ಉಸ್ಸ್' ಅಂತ ಗಾಳಿ ಹೊರಬಂತು.

ಬ್ರೀದರ್. ಆಕ್ಸಲ್ ಒಳಗಿನ ಗಾಳಿ ಹೊರಗೆ ಒಳಗೆ ಆಡಲು ಹೌಸಿಂಗಿನ ಮೇಲೆ ಇರುವ, ಬೆರಳ ತುದಿಯಷ್ಟು ದೊಡ್ಡ ಲೋಹದ ಟೋಪಿ. ಕೆಸರು ಒಣಗಿ ಅದರ ಮೇಲೆ ಕಲ್ಲಿನಂತೆ ಕೂತಿತ್ತು. ಕೆರೆದು ತೆಗೆಯುವವರೆಗೂ ಟೋಪಿಯೇ ಕಾಣಲಿಲ್ಲ. ಬಿಚ್ಚಿ ಊದಿದೆ, ಗಾಳಿ ಹೋಗಲೇ ಇಲ್ಲ.

ಲೆಕ್ಕ ಹಾಕಿ ನೋಡಿ. 20 ಡಿಗ್ರಿಯ ಆಕ್ಸಲ್ ಓಡಿ ಓಡಿ 80 ಡಿಗ್ರಿ ಆಯಿತು ಅನ್ನೋಣ. ಹೊರಹೋಗಲು ದಾರಿಯಿಲ್ಲದ ಗಾಳಿಯ ಒತ್ತಡ ಐದನೇ ಒಂದು ಭಾಗದಷ್ಟು ಏರುತ್ತದೆ, ಅಂದರೆ ಸುಮಾರು 3 ಪಿಎಸ್ಐ. ಬಿಸಿಗೆ ಆಯಿಲೂ ಹಿಗ್ಗಿ ಗಾಳಿಯ ಜಾಗ ಕಿತ್ತುಕೊಳ್ಳುವುದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ. ಆಯಿಲ್ ಎರಚುವುದನ್ನು ತಡೆಯಲು ಮಾಡಿದ ಮೆತ್ತನೆ ತುಟಿಗೆ ಇದು ದೊಡ್ಡ ಹೊರೆ. ಒತ್ತಡಕ್ಕೆ ತುಟಿ ಕಾಲರಿಗೆ ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತದೆ, ಬೇಗ ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ.

ತಣ್ಣಗಾಗುವಾಗ ಇದೇ ಆಟ ಉಲ್ಟಾ. ಬಿಸಿ ಆಕ್ಸಲ್ ನೀರು ನಿಂತ ಗುಂಡಿಗೆ ಇಳಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ. ಬ್ರೀದರ್ ಮುಚ್ಚಿರುವಾಗ ಹೊರಗಿನದು ಒಳಬರುವ ದಾರಿ ಸೀಲಿನ ತುಟಿಯೊಂದೇ. ನೀರು, ಜೊತೆಗೆ ಮರಳು. ಮೊದಲ ಶನಿವಾರ ಟ್ರೇಗೆ ಬಿದ್ದ ಮಸುಕು ಆಯಿಲ್ ನೆನಪಿದೆಯಲ್ವಾ? ಅದು ನೀರು ಬೆರೆತ ಆಯಿಲ್. ಬೇರಿಂಗಿನ ತುಕ್ಕು, ಕಾಲರಿನ ಗುಳಿ, ತುಟಿಗೆ ಚುಚ್ಚಿದ ಕಣ, ಎಲ್ಲಕ್ಕೂ ಬೇರು ಈ ಟೋಪಿಯಲ್ಲೇ ಇತ್ತು. ಆ ಬಣ್ಣವನ್ನು ಅವತ್ತೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಬಲ ಸೀಲಿಗೆ ಆ ಏರಿನ ಹಿಂಸೆ ತಪ್ಪುತ್ತಿತ್ತು.

ಹಳೇ ಟೋಪಿ ಎಸೆದೆ. ಅದರ ಜಾಗಕ್ಕೆ ಕೊಳವೆ ಹಾಕುವ ನಿಪ್ಪಲ್ ತಿರುಗಿಸಿ, ಆಯಿಲ್ ತಾಳುವ ರಬ್ಬರ್ ಕೊಳವೆಯನ್ನು ಚಾಸಿಸ್ ಪಕ್ಕದಿಂದ ಡೀಸೆಲ್ ತುಂಬುವ ಮೂತಿಯ ಎತ್ತರಕ್ಕೆ ಒಯ್ದೆ. ಆಕ್ಸಲ್ ಮೇಲೆ ಕೆಳಗೆ ಆಡುತ್ತದೆ, ಅದಕ್ಕೆ ಬೇಕಾದಷ್ಟು ಉದ್ದ ಸಡಿಲ ಬಿಟ್ಟೆ. ತುದಿಗೆ ಸಣ್ಣ ಫಿಲ್ಟರ್, ಬಾಯಿ ಕೆಳಮುಖ. ಎಲ್ಲೂ ಕೊಳವೆ ಮಡಚಿಕೊಳ್ಳದಂತೆ ಕ್ಲಿಪ್ ಹಾಕಿದೆ.

ಅದೇ ಲೋಡ್, ಅದೇ ಏರು ಮತ್ತೆ ಹತ್ತಿದೆ. ಪ್ಲಗ್ ಸಡಿಲಿಸಿದಾಗ ಸದ್ದೇ ಬರಲಿಲ್ಲ. ಬಲ ಹಬ್ ಮತ್ತು ಪಿನಿಯನ್ ಒರೆಸಿ ಪೌಡರ್ ಹಾಕಿದ್ದೆ, ಎರಡೂ ಬೆಳ್ಳಗಿದ್ದವು. ಅಲ್ಲಿಂದ ಈಚೆಗೆ 3,000 ಕಿಲೋಮೀಟರ್ ಆಗಿದೆ. ವಾರಕ್ಕೊಮ್ಮೆ ಬಿಳಿ ಬಟ್ಟೆ ಹಿಡಿದು ಎರಡೂ ಬ್ಯಾಕ್ ಪ್ಲೇಟಿನ ಕೆಳಗೆ ಒರೆಸುತ್ತೇನೆ. ಬರುವುದು ಒಣ ಧೂಳು. ಬಲಗಡೆಯ ಕಾಲರನ್ನು ಮಾತ್ರ ನಾನಿನ್ನೂ ಕಣ್ಣಾರೆ ನೋಡಿಲ್ಲ. ಅದೂ ಅದೇ ನೀರಿನ ಆಯಿಲಿನಲ್ಲಿ ನೆನೆದದ್ದು. ಇನ್ನೊಂದು ಸೀಲ್ ತಂದಿಟ್ಟಿದ್ದೇನೆ, ಪೈಪ್ ತುಂಡನ್ನೂ ಜೋಪಾನ ಮಾಡಿದ್ದೇನೆ. ಬರುವ ಶನಿವಾರ ಬಲ ಹಬ್ ಬಿಚ್ಚುತ್ತೇನೆ.